ಹಳೆ ಮೆಕ್ಸಿಕನ್ ನಾಣ್ಯದಲ್ಲಿ ಬೆಳ್ಳಿ ಎಷ್ಟು? ತೂಕಕ್ಕೆ ಮಾರಬಹುದಾ?

ಪ್ರಶ್ನೆ (ಸದಸ್ಯೆ, ಸ್ಯಾನ್ ಆಂಟೋನಿಯೊ, ಟೆಕ್ಸಾಸ್):

ನಮಸ್ಕಾರ ಸರ್. ನಮ್ಮ ಬೀದಿಯಲ್ಲಿ ಒಂದು ಹಳೆ ಮನೆಯ ಸಾಮಾನು ಮಾರುತ್ತಿದ್ದರು. ಅಲ್ಲಿ ಒಂದು ಡಬ್ಬಿ ತುಂಬ ಮೆಕ್ಸಿಕೊ ನಾಣ್ಯ ತಗೊಂಡೆ. 1 ಪೆಸೊ ನಾಣ್ಯಗಳೇ ಜಾಸ್ತಿ. 1922, 1948, 1950, 1963, 1971 ಹೀಗೆ ಇಸವಿಗಳಿವೆ. 100 ಪೆಸೊದವು ಎರಡು, ಒಂದು 1978ರದು, ಇನ್ನೊಂದು 1987ರದು. ಜೊತೆಗೆ ಟೋಪಿ ಮತ್ತು ಸುತ್ತ ಕಿರಣಗಳಿರುವ ದೊಡ್ಡ ನಾಣ್ಯ ಒಂದು, 1888ರದು. ಇಲ್ಲಿನ ಅಂಗಡಿಯವರೊಬ್ಬರು ಎಲ್ಲವನ್ನೂ ಒಟ್ಟಿಗೆ ತೂಗಿ ಒಂದೇ ರೇಟಿಗೆ ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ (ನಾಣ್ಯ ಪರೀಕ್ಷಕ):

ಕೊಡಬೇಡಿ ಮೇಡಂ. ಮೊದಲು ಇಸವಿ ನೋಡಿ ಬೇರೆ ಬೇರೆ ಗುಡ್ಡೆ ಮಾಡಿ. ಮೆಕ್ಸಿಕೊದ ವಿಷಯದಲ್ಲಿ ಮುಖಬೆಲೆ ಏನೂ ಹೇಳುವುದಿಲ್ಲ, ಇಸವಿಯೇ ಎಲ್ಲ ಹೇಳುತ್ತದೆ.

1914ರವರೆಗಿನ ಬೆಳ್ಳಿ ಪೆಸೊ 27.07 ಗ್ರಾಂ ತೂಗುತ್ತಿತ್ತು. ಅದರಲ್ಲಿ ಅಪ್ಪಟ ಬೆಳ್ಳಿಯೇ 24.4 ಗ್ರಾಂ. ಆದರೆ 1905ರ ಕಾನೂನು ಪೆಸೊದ ಬೆಲೆಯನ್ನು 0.75 ಗ್ರಾಂ ಚಿನ್ನಕ್ಕೆ ಕಟ್ಟಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ದುಬಾರಿಯಾಯಿತು. ನಾಣ್ಯ ಖರ್ಚು ಮಾಡುವುದಕ್ಕಿಂತ ಕರಗಿಸಿದರೇ ಲಾಭ ಅನ್ನುವ ಸ್ಥಿತಿ ಬಂತು. ಸರ್ಕಾರ ನಾಣ್ಯದೊಳಗಿನ ಬೆಳ್ಳಿಯನ್ನೇ ಇಳಿಸಿತು. 1918-19ರ ಪೆಸೊದಲ್ಲಿ 14.5 ಗ್ರಾಂ. 1920ರಿಂದ 1945ರವರೆಗೆ 12 ಗ್ರಾಂ. 1947-48ರಲ್ಲಿ 7. 1950ರಲ್ಲಿ 4. 1957ರಿಂದ 1967ರವರೆಗೆ ಬರೀ 1.6 ಗ್ರಾಂ. 1970ರಿಂದ ಬಂದದ್ದು ತಾಮ್ರ-ನಿಕ್ಕಲ್, ಬೆಳ್ಳಿ ಇಲ್ಲವೇ ಇಲ್ಲ. ಇಷ್ಟೆಲ್ಲ ಆದರೂ ಹೆಸರು ಮಾತ್ರ ಒಂದೇ, 1 ಪೆಸೊ.

ಜನ ಮೋಸಹೋಗುವುದು ಮುಖ ನೋಡಿ. ತಲೆಗೆ ಬಟ್ಟೆ ಕಟ್ಟಿರುವವರು ಮೊರೆಲೊಸ್, ಮೆಕ್ಸಿಕೊದ ಸ್ವಾತಂತ್ರ್ಯ ಹೋರಾಟದ ನಾಯಕರಾದ ಪಾದ್ರಿ. ನಿಮ್ಮ 1948, 1950, 1963, 1971ರ ಪೆಸೊಗಳಲ್ಲಿ ಇರುವುದು ಅವರೇ. 1978ರ 100 ಪೆಸೊದಲ್ಲೂ ಅವರೇ. ಆ 100 ಪೆಸೊ 27.77 ಗ್ರಾಂ ತೂಕ, ನೂರಕ್ಕೆ 72 ಪಾಲು ಬೆಳ್ಳಿ, ಅಂದರೆ ಸರಿಯಾಗಿ 20 ಗ್ರಾಂ. ನಿಮ್ಮ 1987ರ 100 ಪೆಸೊದಲ್ಲಿ ಮೆಕ್ಸಿಕೊದ ಹಿಂದಿನ ಅಧ್ಯಕ್ಷ ಕಾರಾನ್ಸಾ ಚಿತ್ರ, ಹಳದಿ ಬಣ್ಣ. ಅದು ಅಲ್ಯೂಮಿನಿಯಂ ಕಂಚು, ಬೆಳ್ಳಿ ಸೊನ್ನೆ.

ಲೆಕ್ಕ ಸುಲಭ. ತೂಕವನ್ನು ಶುದ್ಧತೆಯಿಂದ ಗುಣಿಸಿ, ಬಂದದ್ದನ್ನು ಆ ದಿನದ ಗ್ರಾಂ ಬೆಲೆಯಿಂದ ಗುಣಿಸಿ. 1922ರದು 16.66 ಗ್ರಾಂ, ಶುದ್ಧತೆ 0.720, ಅಲ್ಲಿಗೆ 12 ಗ್ರಾಂ. ಲೆಕ್ಕಕ್ಕೆ ಅಂತ ಗ್ರಾಮಿಗೆ 1 ಡಾಲರ್ ಹಿಡಿದರೆ ಅದು 12 ಡಾಲರ್. 1963ರದು ತೂಕದಲ್ಲಿ ಹೆಚ್ಚುಕಡಿಮೆ ಅಷ್ಟೇ, 16 ಗ್ರಾಂ. ಆದರೆ ಅದೇ ಲೆಕ್ಕದಲ್ಲಿ ಅದಕ್ಕೆ 1 ಡಾಲರ್ 60 ಸೆಂಟ್. ನೂರಕ್ಕೆ ಹತ್ತೇ ಪಾಲು ಬೆಳ್ಳಿ ಇರುವ ಲೋಹದಿಂದ ಬೆಳ್ಳಿ ಬೇರೆ ಮಾಡುವ ಖರ್ಚು ಜಾಸ್ತಿ, ಹಾಗಾಗಿ ಅದಕ್ಕೆ ಅಷ್ಟೂ ಸಿಗುವುದಿಲ್ಲ. ಈಗ ಹೇಳಿ, ಎರಡನ್ನೂ ಒಂದೇ ರೇಟಿಗೆ ತೂಗುವುದು ನ್ಯಾಯವಾ? ಅಮೆರಿಕದಲ್ಲಿ ಬೆಳ್ಳಿ ಬೆಲೆ ಹೇಳುವುದು ಟ್ರಾಯ್ ಔನ್ಸಿಗೆ. ಅದು 31.1 ಗ್ರಾಂ, ಅಡುಗೆಮನೆಯ 28.35 ಗ್ರಾಮಿನ ಔನ್ಸ್ ಅಲ್ಲ. ಭಾಗಿಸುವಾಗ ನೆನಪಿರಲಿ.

1888ರ ದೊಡ್ಡ ನಾಣ್ಯವನ್ನು ಮಾತ್ರ ಯಾರಿಗೂ ತೂಕಕ್ಕೆ ಕೊಡಬೇಡಿ. ಅದು 8 ರಿಯಾಲ್, ಅಂದರೆ ಹಳೆ ಪದ್ಧತಿಯ ಒಂದು ಪೆಸೊ. ಅದರ ಕಿರಣಗಳಿರುವ ಮುಖದ ಅಂಚಿನಲ್ಲಿ 10 ಮತ್ತು 20 ಅಂಕಿ ಇರುತ್ತವೆ, 10 ದಿನೇರೊ 20 ಗ್ರಾನೊ ಅಂತ. ಸ್ಪೇನಿನ ಹಳೆ ಪದ್ಧತಿಯಲ್ಲಿ ಅಪ್ಪಟ ಬೆಳ್ಳಿ ಅಂದರೆ 12 ದಿನೇರೊ, ಒಂದು ದಿನೇರೊಗೆ 24 ಗ್ರಾನೊ. ಹಾಗೆ ಭಾಗಿಸಿದರೆ 0.903 ಬರುತ್ತದೆ. ಅಲ್ಲೇ ಪಕ್ಕದಲ್ಲಿ ಎರಡು ಅಕ್ಷರ ಕಾಣಬಹುದು. ಅದು ಟಂಕಸಾಲೆಯ ಪರೀಕ್ಷಕರ ಗುರುತು. ಶುದ್ಧತೆಗೆ ಅವರೇ ಜವಾಬ್ದಾರಿ ಅಂತ ಅದರರ್ಥ. ಈ ಕಸುಬಿನವನಾಗಿ ಆ ಎರಡು ಅಕ್ಷರ ನೋಡಿದಾಗ ಈಗಲೂ ಗೌರವ ಮೂಡುತ್ತದೆ. ಆಗ ಮೆಕ್ಸಿಕೊದಲ್ಲಿ ಹಲವು ಟಂಕಸಾಲೆಗಳಿದ್ದವು. ಮೆಕ್ಸಿಕೊ ನಗರದ್ದಾದರೆ ಎಮ್ ಅಕ್ಷರದ ಮೇಲೆ ಪುಟ್ಟ ಸೊನ್ನೆ ಇರುತ್ತದೆ. ಇಸವಿ, ಟಂಕಸಾಲೆ, ಪರೀಕ್ಷಕರ ಅಕ್ಷರ ಮೂರೂ ಸೇರಿ ಸಂಗ್ರಾಹಕರ ಬೆಲೆ ನಿಲ್ಲುತ್ತದೆ. ಕೆಲವು ಜೋಡಿಗಳು ಬೆಳ್ಳಿ ಬೆಲೆಯ ಎಷ್ಟೋ ಪಟ್ಟು ಬಾಳುತ್ತವೆ.

ಪ್ರಶ್ನೆ (ಅದೇ ಸದಸ್ಯೆ):

ತುಂಬ ಥ್ಯಾಂಕ್ಸ್ ಸರ್. 8 ರಿಯಾಲ್ ಅಸಲಿಯೋ ನಕಲಿಯೋ ಮನೆಯಲ್ಲೇ ನೋಡಬಹುದಾ? ಅದು ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ಉಜ್ಜಲಾ?

ಉತ್ತರ:

ಅಯ್ಯೋ, ಉಜ್ಜಬೇಡಿ! ದೀಪದ ಕಂಬಕ್ಕೆ ಸರಿ, ನಾಣ್ಯಕ್ಕೆ ಬೇಡ. ಉಜ್ಜಿದ ಗೆರೆ ಮತ್ತೆ ಹೋಗುವುದಿಲ್ಲ, ಸಂಗ್ರಾಹಕರು ಅಲ್ಲೇ ಬೆಲೆ ಇಳಿಸುತ್ತಾರೆ. ಕಪ್ಪು ಹಾಗೇ ಇರಲಿ.

ನಕಲಿ 8 ರಿಯಾಲ್ ಬಹಳ ಇವೆ, ಅದಕ್ಕೆ ಪರೀಕ್ಷೆ ಮಾಡಲೇಬೇಕು. ಅಯಸ್ಕಾಂತಕ್ಕೆ ಅಂಟಿದರೆ ಕಥೆ ಅಲ್ಲಿಗೇ ಮುಗಿಯಿತು. ಅಂಟದಿದ್ದರೆ ಅಸಲಿ ಅಂತಲೂ ಅಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತಗೊಳ್ಳಿ. ಅದರ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ನೀರಿನಲ್ಲಿ ಪೂರ್ತಿ ಮುಳುಗಿಸಿ. ಒಣ ತೂಕ 27 ಗ್ರಾಂ ಆಸುಪಾಸು ಇದ್ದರೆ ತಕ್ಕಡಿ ಸುಮಾರು 2.6 ತೋರಿಸಬೇಕು. 3 ತೋರಿಸಿದರೆ ಅದು ಹಗುರ ಲೋಹ, ಬೆಳ್ಳಿ ಅಲ್ಲ. ಸವೆದ ನಾಣ್ಯ ಒಂದಷ್ಟು ತೂಕ ಕಳೆದುಕೊಂಡಿರುತ್ತದೆ, ಅದಕ್ಕೆ ಗಾಬರಿ ಬೇಡ. ಈ ಪರೀಕ್ಷೆ ಲೋಹವನ್ನಷ್ಟೇ ಹೇಳುತ್ತದೆ. ಬೆಳ್ಳಿಯಲ್ಲೇ ಮಾಡಿದ ನಕಲಿಯೂ ಉಂಟು, ಮಾರುವ ಮುಂಚೆ ತಿಳಿದವರ ಕೈಗೆ ಒಮ್ಮೆ ಕೊಟ್ಟು ನೋಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯ, ಮೈಸೂರು):

ಸರ್, ಲಾಸ್ ಏಂಜಲೀಸ್‌ನಿಂದ ನಮ್ಮಕ್ಕ 2 ಪೆಸೊ ಚಿನ್ನದ ನಾಣ್ಯ ತಂದುಕೊಟ್ಟರು, 1945 ಅಂತಿದೆ. ಇದು 22 ಕ್ಯಾರಟ್ಟಾ? ಹಳೆಯದು ಅಂತ ಜಾಸ್ತಿ ಬೆಲೆ ಬರುತ್ತಾ?

ಉತ್ತರ:

22ಕ್ಕೆ ಸ್ವಲ್ಪ ಕಡಿಮೆ. ಶುದ್ಧತೆ 0.900, ಅಂದರೆ 21.6 ಕ್ಯಾರಟ್. ನಮ್ಮ ಆಭರಣದ 916 ಅಲ್ಲ. ತೂಕ 1.67 ಗ್ರಾಂ, ಅಪ್ಪಟ ಚಿನ್ನ 1.5 ಗ್ರಾಂ. ಮೇಲೆ ಹೇಳಿದ 0.75 ಗ್ರಾಂ ಲೆಕ್ಕ ಇಲ್ಲಿ ನೇರವಾಗಿ ಕೂರುತ್ತದೆ, ಎರಡು ಪೆಸೊಗೆ ಅದರ ಎರಡರಷ್ಟು. ಸೆಂಟೆನಾರಿಯೊ ಅನ್ನುವ 50 ಪೆಸೊದ ಚಿನ್ನದ ನಾಣ್ಯದ ಮೇಲೆ 37.5 ಗ್ರಾಂ ಅಪ್ಪಟ ಚಿನ್ನ ಅಂತ ಬರೆದೇ ಇರುತ್ತದೆ, ಅದೂ ಇದೇ ಲೆಕ್ಕ.

ಆದರೆ 1945 ಅಂತಿದ್ದ ಮಾತ್ರಕ್ಕೆ ಅದೇ ವರ್ಷ ಅಚ್ಚಾಗಿದೆ ಅಂತಲ್ಲ. ಅದೇ ಇಸವಿ ಹಾಕಿ ಟಂಕಸಾಲೆ ಆಮೇಲೂ ಬೇಕಾದಷ್ಟು ಹೊಡೆದಿದೆ. ಹಾಗಾಗಿ ಹಳೆಯದು ಅನ್ನುವ ಹೆಚ್ಚುವರಿ ಬೆಲೆ ನಿರೀಕ್ಷಿಸಬೇಡಿ. ಚಿನ್ನದ ಬೆಲೆ ಮಾತ್ರ ಖಂಡಿತ ಸಿಗುತ್ತದೆ. ಪದಕಕ್ಕೆ ಕೊಂಡಿ ಬೆಸೆಸಬೇಡಿ, ಬೆಸುಗೆ ಬಿದ್ದ ನಾಣ್ಯ ನಾಣ್ಯವಾಗಿ ಮಾರಾಟವಾಗುವುದು ಕಷ್ಟ.

ಅಕ್ಕನವರಿಗೆ ಇದನ್ನೂ ತಿಳಿಸಿ. 1865 ಇಸವಿ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಮುಖ ಇರುವ ಉಗುರಿನಷ್ಟು ಚಿಕ್ಕ ಚಿನ್ನದ ಬಿಲ್ಲೆಗಳನ್ನು ಅಲ್ಲಿ ನಾಣ್ಯ ಅಂತ ಮಾರುತ್ತಾರೆ. ಆತನ ಕಾಲದಲ್ಲಿ ಸರ್ಕಾರ ಹೊರಡಿಸಿದ ಚಿನ್ನದ ನಾಣ್ಯ 1866ರ 20 ಪೆಸೊ ಒಂದೇ. ಆ ಬಿಲ್ಲೆಗಳಿಗೆ ನಿಗದಿತ ಶುದ್ಧತೆ ಅನ್ನುವುದೇ ಇಲ್ಲ, ಕೊಳ್ಳುವ ಮೊದಲು ಎಕ್ಸ್-ಕಿರಣ ಬಿಟ್ಟು ಲೋಹದಲ್ಲಿ ಏನೇನಿದೆ ಅಂತ ಹೇಳುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲಿ.