ಸಹಾಯ ಬೇಕು: ಹೋಟೆಲ್ ಕೋಣೆಗಳಿಗೆ ಯಾವ ಬಟ್ಟೆ, ಯಾವ ಮಂಚ?

ಎಲ್ಲರಿಗೂ ನಮಸ್ಕಾರ. 24 ಕೋಣೆಗಳ ಹೋಟೆಲ್ ಒಂದಕ್ಕೆ ಮಂಚ, ಕುರ್ಚಿ, ದೀಪ, ಪರದೆ ಎಲ್ಲ ಆರಿಸುವ ಕೆಲಸ ನನ್ನ ಮೇಲಿದೆ. ಮನೆಗಳಿಗೆ ಮಾಡಿ ಅಭ್ಯಾಸ ಇದೆ, ಹೋಟೆಲ್ ಇದೇ ಮೊದಲು.

ದೊಡ್ಡ ಗೊಂದಲ ಸೋಫಾ, ಕುರ್ಚಿಗಳ ಬಟ್ಟೆಯದ್ದು. ಬಟ್ಟೆ ಎಷ್ಟು ಉಜ್ಜಾಟ ತಡೆಯುತ್ತದೆ ಎಂದು ನೋಡುವ ಮಾರ್ಟಿಂಡೇಲ್ ಪರೀಕ್ಷೆಯಲ್ಲಿ 30,000 ಸುತ್ತು ದಾಟಿದರೆ ಸಾಕು ಅಂತ ಕೆಲವರು, 40,000 ಬೇಕೇ ಬೇಕು ಅಂತ ಇನ್ನು ಕೆಲವರು ಹೇಳುತ್ತಾರೆ. ಲಾಬಿಯಲ್ಲಿ ದಿನವಿಡೀ ಜನ ಕೂತು ಏಳುತ್ತಾರೆ. ಕೋಣೆಯ ಕುರ್ಚಿಗೆ ಅಷ್ಟು ಸವೆತ ಇಲ್ಲ. ಎರಡಕ್ಕೂ ಒಂದೇ ಬಟ್ಟೆ ಹಾಕಿದರೆ ಸುಮ್ನೆ ದುಡ್ಡು ದಂಡ ಅಲ್ವಾ?

ಬೇಗ ಬೆಂಕಿ ಹಿಡಿಯದ ಪರದೆಯ ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ಒಳಗೆ ಜನ ಮಲಗಿರುತ್ತಾರೆ. ಮೇಲೆ ರಾಸಾಯನಿಕ ಹಚ್ಚಿದ ಬಟ್ಟೆ ಒಗೆಯುತ್ತಾ ಹೋದಂತೆ ಆ ಗುಣ ಕಳೆದುಕೊಳ್ಳಬಹುದು, ನೂಲಿನಲ್ಲೇ ಇದ್ದರೆ ಉಳಿಯುತ್ತದೆ. ಯಾವುದು ಯಾವ ಬಗೆ ಅಂತ ಮಾರುವವರ ಹತ್ತಿರ ಹೇಗೆ ಖಾತ್ರಿ ಮಾಡಿಕೊಳ್ಳುತ್ತೀರಿ?

ಇನ್ನೊಂದು ಪ್ರಶ್ನೆ ಮಂಚದ್ದು. ಅಡಿಭಾಗ ನೆಲದವರೆಗೂ ಮುಚ್ಚಿದರೆ ಕಸ ಒಳಗೆ ಹೋಗುವುದಿಲ್ಲ, ಬಿದ್ದ ವಸ್ತುವೂ ಕಳೆಯುವುದಿಲ್ಲ. ಕಾಲಿನ ಮಂಚವಾದರೆ ಕೋಣೆ ದೊಡ್ಡದಾಗಿ ಕಾಣುತ್ತದೆ, ಆದರೆ ಗುಡಿಸುವವರು ದಿನವೂ ಬಗ್ಗಬೇಕು. ಅವರ ಬೆನ್ನು ನೆನೆದರೆ ನನಗೆ ಮುಚ್ಚಿದ್ದೇ ಸರಿ ಅನ್ನಿಸುತ್ತದೆ.

ದೀಪಕ್ಕೆ 2700 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕು ಅಂತ ಹೆಚ್ಚುಕಡಿಮೆ ತೀರ್ಮಾನ ಆಗಿದೆ.

ಎಲ್ಲ ಆರ್ಡರ್ ಮಾಡುವ ಮೊದಲು ಒಂದು ಮಾದರಿ ಕೋಣೆ ಸಿದ್ಧ ಮಾಡುತ್ತೇನೆ. ಅದರಲ್ಲಿ ಏನೇನು ಪರೀಕ್ಷಿಸಬೇಕು? ಹೋಟೆಲ್ ನಡೆಸಿದವರು, ಕೋಣೆ ಶುಚಿ ಮಾಡಿದವರು ದಯವಿಟ್ಟು ಬರೆಯಿರಿ.