ಹಳ್ಳಿ ಮನೆಗಳಿಗೆ ನಲ್ಲಿ, ಬಚ್ಚಲು ಮಾಡಿಸಿಕೊಡಬೇಕು. ಎಲ್ಲಿಂದ ಶುರು ಮಾಡೋದು?

ಜಯನಗರದವ:
ಎಲ್ಲರಿಗೂ ನಮಸ್ಕಾರ. ಆಫೀಸಿನ ಕೆಲವರು ಸೇರಿ ಸ್ವಲ್ಪ ದುಡ್ಡು ಕೂಡಿಸಿದ್ದೇವೆ. ಪಾವಗಡದ ಕಡೆ, ನಮ್ಮ ಜೊತೆ ಕೆಲಸ ಮಾಡುವವರೊಬ್ಬರ ಊರಲ್ಲಿ ನಾಲ್ಕೈದು ಬಡ ಮನೆಗಳಿವೆ. ಜಲ ಜೀವನ್ ಮಿಷನ್ನಿನ ನಲ್ಲಿ ಬಂದಿದೆ, ಆದರೆ ಅಂಗಳದಲ್ಲೇ ನಿಂತಿದೆ. ಅಲ್ಲಿಂದ ಒಳಕ್ಕೆ ಹೆಂಗಸರು ಬಿಂದಿಗೆಯಲ್ಲೇ ಹೊರಬೇಕು. ಸ್ನಾನಕ್ಕೆ ಹಿತ್ತಲಲ್ಲಿ ತೆಂಗಿನ ಗರಿ, ಹಳೇ ಸೀರೆ ಕಟ್ಟಿದ ಮರೆ. ಒಂದು ಮನೆಯ ಅಜ್ಜಿಗೆ ಮಂಡಿ ನೋವು, ಆದರೂ ಕತ್ತಲಾಗುವ ತನಕ ಕಾದು ಬಯಲಿಗೆ ಹೋಗುತ್ತಾರೆ. ನೋಡಿದ ಮೇಲೆ ಸುಮ್ನೆ ಇರೋಕೆ ಆಗ್ತಿಲ್ಲ. ಪೈಪ್ ಎಳೆಸಿ, ಮನೆ ಮೇಲೆ ಟ್ಯಾಂಕ್ ಇಟ್ಟು, ಫ್ಲಶ್ ಇರುವ ಕಮೋಡ್ ಕೂರಿಸಿದರೆ ಸಾಕಾ?

ಸಿವಿಲ್ ಕೆಲಸದವನು:
ಒಳ್ಳೇ ಕೆಲಸ ಸಾರ್, ಬಿಡಬೇಡಿ. ಆದರೆ ಪೈಪಿಗಿಂತ ಮೊದಲು ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅಂತ ಊರಿನ ನೀರುಗಂಟಿಯನ್ನು ಕೇಳಿ. ಯೋಜನೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ, ಎರಡು ದಿನಕ್ಕೊಮ್ಮೆ ಬಂದರೂ, 500 ಲೀಟರಿಗಿಂತ ಜಾಸ್ತಿ ಹಿಡಿದಿಡಬೇಕು. ಅಂದರೆ ಅರ್ಧ ಟನ್ ಭಾರ. ಶೀಟು, ಹೆಂಚಿನ ಸೂರು ಅದನ್ನು ತಡೆಯಲ್ಲ. ಬಚ್ಚಲು, ಕಕ್ಕಸು ಎರಡನ್ನೂ ಅಂಟಿಸಿ ಕಟ್ಟಿ, ಮೇಲೆ ಆರ್‌ಸಿಸಿ ಹಾಕಿ ಸಿಂಟೆಕ್ಸ್ ಕೂರಿಸಿ. ಅಡುಗೆಮನೆಗೆ ಅಲ್ಲಿಂದಲೇ ಒಂದು ಲೈನ್. ನೀರು ತಾನಾಗಿ ಮೇಲೆ ಏರದಿದ್ದರೆ ಕೆಳಗೊಂದು ತೊಟ್ಟಿ ಮಾಡಿ ಅದಕ್ಕೆ ಸಣ್ಣ ಮೋಟಾರ್ ಇಡಿ. ಪಂಚಾಯ್ತಿ ಲೈನಿಗೇ ಮೋಟಾರ್ ಹಾಕಿದರೆ ಮುಂದಿನ ಮನೆಗಳ ನಲ್ಲಿ ಒಣಗುತ್ತೆ, ಅದಂತೂ ಬೇಡವೇ ಬೇಡ.

ಫ್ಲಶ್ ಕಮೋಡ್ ಒಂದು ಸಲಕ್ಕೆ 6 ಲೀಟರ್, ಹಳೇದಾದರೆ ಇನ್ನೂ ಜಾಸ್ತಿ ಕುಡಿಯುತ್ತೆ. ಹಳ್ಳಿಗೆಂದೇ ಕಡಿದಾದ ಇಳಿಜಾರಿನ ಕಕ್ಕಸಿನ ಬೇಸಿನ್ ಸಿಗುತ್ತೆ, ಸುಮಾರು 2 ಲೀಟರ್ ಸುರಿದರೆ ಸಾಕು. ಸೆಪ್ಟಿಕ್ ಟ್ಯಾಂಕ್ ಬದಲು ಎರಡು ಗುಂಡಿ ಮಾಡಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಗೊಬ್ಬರ ಆಗುತ್ತೆ. ಬಾವಿ, ಬೋರ್‌ವೆಲ್‌ನಿಂದ ಕನಿಷ್ಠ 10 ಮೀಟರ್ ದೂರ ಇರಲಿ. ಬಚ್ಚಲ ನೀರನ್ನು ಈ ಗುಂಡಿಗೆ ಬಿಡಬೇಡಿ, ಅದಕ್ಕೆ ಬೇರೆ ಇಂಗುಗುಂಡಿ ಬೇಕು. ಇಲ್ಲದಿದ್ದರೆ ಒಳಗೆ ನೀರು ಬಂದಷ್ಟೂ ಬೀದಿ ಕೆಸರಾಗುತ್ತೆ.

ಮಧುಗಿರಿ ಸೊಸೆ:
ನಕ್ಷೆ ಹಾಕೋ ಮೊದಲು ಮನೆ ಹೆಂಗಸರನ್ನು ಕೂರಿಸಿಕೊಂಡು ಕೇಳಿ ಸಾರ್, ಗಂಡಸರನ್ನಲ್ಲ. ನಮ್ಮ ಅತ್ತೆ ಊರಲ್ಲಿ ಯಾರೋ ಪುಣ್ಯಾತ್ಮರು ಟೈಲ್ಸ್ ಹಾಕಿಸಿ ಬಚ್ಚಲು ಕಟ್ಟಿಸಿಕೊಟ್ಟರು. ಹಂಡೆ ಒಲೆಗೆ ಜಾಗವೇ ಇಟ್ಟಿಲ್ಲ, ಹೊಗೆ ಹೋಗೋಕೆ ಕಿಂಡಿ ಇಲ್ಲ. ಬಿಸಿನೀರು ಹೊರಗಿಂದಲೇ ಹೊತ್ತು ತರಬೇಕು ಅಂದ್ರೆ ಯಾರು ಹೋಗ್ತಾರೆ? ಈಗ ಅದರಲ್ಲಿ ಸೌದೆ ಪೇರಿಸಿದ್ದಾರೆ. ಒಳಗಿನಿಂದ ಗಟ್ಟಿ ಚಿಲಕ, ಒಂದು ಬಲ್ಬು, ಬಟ್ಟೆ ನೇತುಹಾಕೋಕೆ ಗೂಟ, ಮುಟ್ಟಿನ ಬಟ್ಟೆ ಒಗೆಯೋಕೆ ಮರೆಯಲ್ಲೊಂದು ಕಲ್ಲು, ಇವಕ್ಕೆ ಎಷ್ಟು ಖರ್ಚಾಗುತ್ತೆ ಹೇಳಿ? ಆ ಅಜ್ಜಿಗೆ ಮಾತ್ರ ಕುರ್ಚಿ ಥರ ಕೂರುವ ಕಮೋಡೇ ಇರಲಿ, ಫ್ಲಶ್ ಬೇಡ, ಬಕೆಟ್ಟಿನಲ್ಲಿ ನೀರು ಹಾಕಿಕೊಳ್ಳಲಿ. ಪಕ್ಕದಲ್ಲಿ ಹಿಡಿದು ಏಳೋಕೆ ಒಂದು ಕಂಬಿ.

ತುಮಕೂರು ರೋಡ್:
ಎರಡು ಮಾತು. ಕಕ್ಕಸಿಗೆ ಸ್ವಚ್ಛ ಭಾರತ್ ಯೋಜನೆಯಲ್ಲಿ ಅರ್ಹ ಮನೆಗಳಿಗೆ 12,000 ರೂಪಾಯಿ ಇದೆ. ಯಾರು ತಗೊಂಡಿಲ್ಲ ಅಂತ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರ ವಿಚಾರಿಸಿ, ಅರ್ಜಿ ಹಾಕಿಸಿ. ನಿಮ್ಮ ದುಡ್ಡು ಬಚ್ಚಲು, ಟ್ಯಾಂಕಿಗೆ ಉಳಿಯಲಿ. ಇನ್ನೊಂದು, ಪಾವಗಡ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಕಾಟ ಇದೆ. ನಲ್ಲಿ ಒಳಗೆ ಬಂದ ತಕ್ಷಣ ಅದು ಕುಡಿಯೋ ನೀರಾಗಲ್ಲ. ಕುದಿಸಿದರೂ ಫ್ಲೋರೈಡ್ ಹೋಗಲ್ಲ. ಮೊದಲು ಟೆಸ್ಟ್ ಮಾಡಿಸಿ.

ಜಯನಗರದವ:
ತುಂಬಾ ಥ್ಯಾಂಕ್ಸ್. ಹಂಡೆ ಒಲೆ ನಮ್ಮ ತಲೆಗೇ ಬಂದಿರಲಿಲ್ಲ ಮೇಡಂ. ಮೊದಲು ಅಜ್ಜಿ ಮನೆ ಒಂದನ್ನೇ ಮುಗಿಸುತ್ತೇವೆ. ಮೇಸ್ತ್ರಿಯನ್ನು ಇಲ್ಲಿಂದ ಕರ್ಕೊಂಡು ಹೋಗೋದಾ?

ಸಿವಿಲ್ ಕೆಲಸದವನು:
ಬೇಡ, ಆ ಊರಿನ ಮೇಸ್ತ್ರಿಗೇ ಕೊಡಿ. ನಾಳೆ ನಲ್ಲಿ ಸೋರಿದರೆ, ಪೈಪ್ ಕಟ್ಟಿಕೊಂಡರೆ ಬರೋನು ಅವನೇ ಅಲ್ವಾ. ಗುಂಡಿಗೆ ಸಂದು ಬಿಟ್ಟು ಇಟ್ಟಿಗೆ ಜೋಡಿಸಬೇಕು, ತಳಕ್ಕೆ ಸಿಮೆಂಟ್ ಬಳಿಯಬಾರದು. ಎಷ್ಟೋ ಜನ ಅಲ್ಲೇ ತಪ್ಪುತ್ತಾರೆ. ಭಾನುವಾರ ಇಟ್ಟುಕೊಂಡರೆ ನಾನೂ ಬಂದು ಅವನ ಜೊತೆ ನಿಂತು ಕಟ್ಟಿಸುತ್ತೇನೆ.