ಬಾಹ್ಯಾಕಾಶ ಕಾಮಿಕ್ಸ್‌ನ ಹೊಸ ಸಂಚಿಕೆ (ಸ್ಪಾಯ್ಲರ್ ಇದೆ): ತಿರುಗುವ ಚಕ್ರದ ಲೆಕ್ಕ ಕೂಡುತ್ತಾ?

ಪುಟತಿರುವು

ಓದಿ ಮುಗಿಸದವರು ಇಲ್ಲಿಂದಲೇ ವಾಪಸ್ ಹೋಗಿ. ಮುಂದೆ ಎಲ್ಲಾ ಬಯಲು.

ಕಥೆ ಬಗ್ಗೆ ತಕರಾರಿಲ್ಲ. ಮೆಕ್ಯಾನಿಕ್ ಹುಡುಗಿ ಹೆಲ್ಮೆಟ್ ಇಲ್ಲದೆ ಒಂದು ಏರ್‌ಲಾಕಿಂದ (ನೌಕೆಯಿಂದ ಹೊರಹೋಗುವ, ಗಾಳಿ ಸೋರದ ಕೋಣೆ) ಇನ್ನೊಂದಕ್ಕೆ ಹಾರೋ ಆ ಮಾತಿಲ್ಲದ ಎರಡು ಪುಟ (16–17) ಇಡೀ ಸರಣಿಯಲ್ಲೇ ಬೆಸ್ಟ್. ಆದರೆ ಕೊನೆಯ ಪುಟದಲ್ಲಿ ಸಂಪಾದಕರು ‘ವಿಜ್ಞಾನವನ್ನು ಪರಿಶೀಲಿಸಿಯೇ ಬರೆದಿದ್ದೇವೆ’ ಅಂತ ಹಾಕಿಕೊಂಡಿದ್ದಾರೆ, ಹಾಗಾಗಿ ಕೇಳಲೇಬೇಕು.

ಪುಟ 6ರಲ್ಲಿ ನೌಕೆಯ ಚಕ್ರ (ಒಳಗಿದ್ದವರಿಗೆ ತೂಕ ಬರಲೆಂದು ತಿರುಗಿಸೋದು) ನಿಮಿಷಕ್ಕೆ 2 ಸುತ್ತು ತಿರುಗುತ್ತೆ ಅಂತಿದೆ. ಒಳಗೆ ಎಲ್ಲರೂ ಭೂಮಿ ಮೇಲಿರೋ ಹಾಗೆ ಓಡಾಡ್ತಾರೆ. ಚಕ್ರ ನೋಡಿದರೆ ಅಷ್ಟು ದೊಡ್ಡದೇನಲ್ಲ. ಪುಟ 9ರಲ್ಲಿ ಮಂಗಳನ ಕಕ್ಷೆಯಿಂದ ಭೂಮಿಗೆ ಫೋನಿನಲ್ಲಿ ಹರಟಿದ ಹಾಗೆ ಮಾತು. ಹಾರುವಾಗ ಹುಡುಗಿಯ ಹುಬ್ಬಿನ ಮೇಲೆಲ್ಲ ಹಿಮ. ಪುಟ 22ರಲ್ಲಿ ನೌಕೆ ಹಿಂದುಮುಂದಾಗಿ ಹೋಗ್ತಿದೆ. ಇದೆಲ್ಲದರ ಜೊತೆಗೆ ಆಕಾಶದ ಕಪ್ಪು ಈ ಸಲ ಬೂದಿ ಬಣ್ಣಕ್ಕೆ ತಿರುಗಿದೆ.

ಓದುಗರ ಅಂಕಣಕ್ಕೆ ಪತ್ರ ಹಾಕೋ ಯೋಚನೆ. ಇವುಗಳಲ್ಲಿ ನಿಜವಾದ ತಪ್ಪು ಯಾವುದು, ನಾವು ಓದುಗರೇ ತಪ್ಪಾಗಿ ಓದಿಕೊಂಡದ್ದು ಯಾವುದು?

ಕಕ್ಷೆಗಣಿತ

ಚಕ್ರದ್ದು ನಿಜವಾದ ತಪ್ಪೇ. ಆದರೆ ಒಂದು ಅಂಕಿ ತಿದ್ದಿದರೆ ಸರಿಹೋಗುವಂಥದ್ದು.

ಮೊದಲು ಅಳತೆ. ಪುಟ 6ರ ಎರಡನೇ ಚೌಕದಲ್ಲಿ ಚಕ್ರದ ಅಂಚಿನ ಮೇಲೆ ಸೂಟ್ ತೊಟ್ಟ ಒಬ್ಬ ವ್ಯಕ್ತಿ ನಿಂತಿದ್ದಾನೆ. ಸ್ಕೇಲ್ ಇಟ್ಟರೆ ಅವನು 5 ಮಿ.ಮೀ., ಚಕ್ರದ ವ್ಯಾಸ 100 ಮಿ.ಮೀ. ಸೂಟ್ ಸೇರಿ ಎತ್ತರ 1.8 ಮೀಟರ್ ಅಂದುಕೊಂಡರೆ ಚಕ್ರದ ವ್ಯಾಸ 36 ಮೀಟರ್, ತ್ರಿಜ್ಯ 18 ಮೀಟರ್. ಅಳತೆಯಲ್ಲಿ ಅರ್ಧ ಮಿ.ಮೀ. ಹೆಚ್ಚುಕಮ್ಮಿಯಾದರೆ ತ್ರಿಜ್ಯ ಶೇ 10ರಷ್ಟು ಅತ್ತಿತ್ತ ಆಗುತ್ತೆ. ಸುತ್ತಿನ ಲೆಕ್ಕಕ್ಕೆ ಬರುವುದು ತ್ರಿಜ್ಯದ ವರ್ಗಮೂಲ, ಹಾಗಾಗಿ ಕೊನೆಯ ಉತ್ತರ ಕೆಡೋದು ಶೇ 5 ಮಾತ್ರ.

ಭೂಮಿಯಷ್ಟೇ ತೂಕ ಬೇಕಾದರೆ ನಿಮಿಷಕ್ಕೆ ಎಷ್ಟು ಸುತ್ತು? 30ನ್ನು ತ್ರಿಜ್ಯದ (ಮೀಟರಿನಲ್ಲಿ) ವರ್ಗಮೂಲದಿಂದ ಭಾಗಿಸಿ, ಅಷ್ಟೇ. 18ರ ವರ್ಗಮೂಲ 4.24, ಅಂದರೆ ಸುಮಾರು 7 ಸುತ್ತು. ಮುದ್ರಿಸಿರುವಂತೆ 2 ಸುತ್ತಾದರೆ ಕಾಲಡಿ ಸಿಗುವ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 0.79 ಮೀಟರ್, ಭೂಮಿಯ ಶೇ 8. ಚಂದ್ರನಲ್ಲಿರುವುದರ ಅರ್ಧ. ಅಷ್ಟರಲ್ಲಿ ಯಾರೂ ಕೈಕಟ್ಟಿಕೊಂಡು ಠೀವಿಯಿಂದ ನಡೆಯಲಾರರು, ಪ್ರತಿ ಹೆಜ್ಜೆಗೂ ನೆಲ ಬಿಟ್ಟು ತೇಲುತ್ತಾರೆ.

ಇನ್ನೊಂದು ಮಜಾ ನೋಡಿ. 2 ಸುತ್ತಿಗೆ ಅಂಚಿನ ವೇಗ ಸೆಕೆಂಡಿಗೆ 3.77 ಮೀಟರ್, ಅಂದರೆ ಗಂಟೆಗೆ ಹದಿಮೂರೂವರೆ ಕಿ.ಮೀ. ಪುಟ 11ರಲ್ಲಿ ಕ್ಯಾಪ್ಟನ್ ಅಷ್ಟೇ ಜೋರಾಗಿ ಓಡ್ತಿದ್ದಾರೆ. ಸುತ್ತಿಗೆ ಎದುರಾಗಿ ಆ ವೇಗ ಮುಟ್ಟಿದರೆ ಅವರ ತೂಕ ಸೊನ್ನೆ.

7 ಸುತ್ತು ಅಂತ ಹಾಕಿಬಿಟ್ಟರೆ ಮುಗಿಯಿತಾ? ಇಲ್ಲ. 2 ಸುತ್ತಿನವರೆಗೆ ಹೆಚ್ಚಿನವರಿಗೆ ತೊಂದರೆಯಿಲ್ಲ, 4ರ ಆಸುಪಾಸಿಗೆ ಹೊಂದಿಕೊಳ್ಳಲು ಕೆಲವು ದಿನ ಬೇಕು, 6 ದಾಟಿದರೆ ಕಷ್ಟ ಅನ್ನೋದು ವಿನ್ಯಾಸಕಾರರು ಸಾಮಾನ್ಯವಾಗಿ ಹಿಡಿಯುವ ಮಿತಿ. ತಲೆ ಸುತ್ತಿಸೋದು ನಡಿಗೆಗಿಂತ ಹೆಚ್ಚಾಗಿ ಕತ್ತು ತಿರುಗಿಸುವಿಕೆ. ಒಂದು ಅಕ್ಷದ ಸುತ್ತ ತಿರುಗುತ್ತಿರುವಾಗಲೇ ಇನ್ನೊಂದು ಅಕ್ಷದಲ್ಲಿ ತಲೆ ಹೊರಳಿಸಿದರೆ ಒಳಕಿವಿಯ ದ್ರವ ಮೂರನೇ ದಿಕ್ಕಿಗೆ ತಿರುಗಿದ ಭ್ರಮೆ ಹುಟ್ಟಿಸುತ್ತೆ.

ನನ್ನ ಸಲಹೆ: ‘2’ ಇದ್ದಲ್ಲಿ ‘4.3’ ಹಾಕಿ. 18 ಮೀಟರ್ ತ್ರಿಜ್ಯಕ್ಕೆ ಅದು ಹೆಚ್ಚುಕಮ್ಮಿ ಮಂಗಳನ ಗುರುತ್ವವೇ (ಭೂಮಿಯ ಶೇ 38). ಮಂಗಳನಿಗೆ ಹೊರಟ ತಂಡ ದಾರಿಯಲ್ಲೇ ಅಲ್ಲಿನ ತೂಕಕ್ಕೆ ಒಗ್ಗಿಕೊಳ್ಳುತ್ತಿದೆ ಅಂತ ಕಥೆಗೂ ಹೊಂದುತ್ತೆ.

ಮೂರನೇಚೌಕ

ಅಂಕಿ ಬದಲು ಚಕ್ರವನ್ನೇ ದೊಡ್ಡದು ಮಾಡಬಹುದಲ್ವಾ? 1975ರ ನಾಸಾ ಅಧ್ಯಯನದ ಸ್ಟ್ಯಾನ್‌ಫರ್ಡ್ ಟೋರಸ್‌ಗೆ (ಉಂಗುರದಾಕಾರದ ಬಾಹ್ಯಾಕಾಶ ಊರಿನ ವಿನ್ಯಾಸ) ವ್ಯಾಸ 1.8 ಕಿ.ಮೀ., ನಿಮಿಷಕ್ಕೆ ಒಂದೇ ಸುತ್ತು.

ಕಕ್ಷೆಗಣಿತ

ಅದು 10,000 ಜನರ ಊರು, ಇದು ಆರು ಜನರ ನೌಕೆ. 2 ಸುತ್ತಿನಲ್ಲೇ ಭೂಮಿಯ ತೂಕ ಬೇಕಾದರೆ ತ್ರಿಜ್ಯ 224 ಮೀಟರ್ ಆಗಬೇಕು. ಆಗ ಅದೇ ಚೌಕದಲ್ಲಿ ನಿಂತ ಮನುಷ್ಯ 0.4 ಮಿ.ಮೀ., ಪೆನ್ನಿನ ಒಂದು ಚುಕ್ಕೆ. ಆ ಚೌಕದ ಜೀವವೇ ಆ ಪುಟ್ಟ ಮನುಷ್ಯ.

ಚಕ್ರವೇ ಬೇಡ ಅನ್ನೋದಾದರೆ ನೌಕೆಯನ್ನು ಎರಡು ತುಂಡು ಮಾಡಿ ಉದ್ದ ಹಗ್ಗದಿಂದ ಕಟ್ಟಿ ತಿರುಗಿಸಬಹುದು. 1966ರಲ್ಲಿ ಅಮೆರಿಕದ ಜೆಮಿನಿ 11 ನೌಕೆ ಮತ್ತು ಅಜೀನಾ ರಾಕೆಟ್ಟನ್ನು 30 ಮೀಟರ್ ಪಟ್ಟಿಯಿಂದ ಕಟ್ಟಿ ತಿರುಗಿಸಿದ್ದರು. ಆಗ ಸಿಕ್ಕ ಗುರುತ್ವ ತೀರಾ ಅಲ್ಪ, ಆದರೆ ವಿಧಾನ ನಡೆಯುತ್ತೆ.

ಅಂದಹಾಗೆ ಪುಟ 10ರ ಬೀಳುವ ಸ್ಪ್ಯಾನರ್ ಯಾರೂ ಗಮನಿಸಿಲ್ಲ. ಕೈಯಿಂದ ಜಾರಿದ ವಸ್ತು ತಿರುಗುವ ಚಕ್ರದಲ್ಲಿ ನೇರ ಕೆಳಗೆ ಬೀಳಲ್ಲ, ಸುತ್ತಿನ ದಿಕ್ಕಿಗೆ ವಿರುದ್ಧವಾಗಿ ಸರಿದು ಬೀಳುತ್ತೆ. 18 ಮೀಟರ್ ತ್ರಿಜ್ಯದಲ್ಲಿ 1.2 ಮೀಟರ್ ಎತ್ತರದಿಂದ ಬಿಟ್ಟರೆ 31 ಸೆಂ.ಮೀ. ದೂರಕ್ಕೆ. ನಿಮಿಷಕ್ಕೆ 2 ಸುತ್ತಿರಲಿ 7 ಇರಲಿ, ಈ ದೂರ ಬದಲಾಗಲ್ಲ. ಬೀಳಲು ಹಿಡಿಯುವ ಸಮಯ ಮಾತ್ರ ಬದಲಾಗುತ್ತೆ. ಚಿತ್ರಕಾರರಿಗೆ ಸರಿಯುತ್ತೆ ಅಂತ ಗೊತ್ತಿದೆ, ಬಾಗಿದ ಗೆರೆ ಎಳೆದಿದ್ದಾರೆ. ಆದರೆ ಗೋಡೆಯ ಮೇಲೆ ಸುತ್ತಿನ ದಿಕ್ಕು ತೋರಿಸುವ ಹಳದಿ ಬಾಣ ಇದೆಯಲ್ಲ, ಸ್ಪ್ಯಾನರ್ ಅದರ ಕಡೆಗೇ ಸರಿದಿದೆ. ಚೌಕವನ್ನು ಕನ್ನಡಿಯಂತೆ ತಿರುಗಿಸಿದರೂ ಉಪಯೋಗವಿಲ್ಲ, ಬಾಣವೂ ಜೊತೆಗೇ ತಿರುಗುತ್ತೆ. ಬಾಣವನ್ನೋ ಸ್ಪ್ಯಾನರನ್ನೋ, ಒಂದನ್ನು ಮಾತ್ರ ಮತ್ತೆ ಬರೆಯಬೇಕು.

ಒತ್ತಡಮಾಪಕ

ಹಾರುವ ದೃಶ್ಯಕ್ಕೆ ಬರ್ತೀನಿ. ಹಿಮಕ್ಕಿಂತ ದೊಡ್ಡ ತಪ್ಪು ಪುಟ 16ರ ಮೂರನೇ ಚೌಕದಲ್ಲಿದೆ: ಅವಳು ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದಿದ್ದಾಳೆ. ನಿರ್ವಾತದಲ್ಲಿ ಮಾಡಲೇಬಾರದ ಕೆಲಸ ಅದೊಂದೇ. ಹೊರಗೆ ಒತ್ತಡ ಇಲ್ಲದಾಗ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶದ ಅಂಗಾಂಶ ಹರಿಯುತ್ತೆ, ಗಾಳಿಗುಳ್ಳೆ ರಕ್ತಕ್ಕೆ ಸೇರುತ್ತೆ. ಬಾಗಿಲು ತೆರೆಯುವ ಮುಂಚೆಯೇ ಉಸಿರು ಹೊರಬಿಟ್ಟು ಬಾಯಿ ತೆರೆದಿರಬೇಕು. ಚಿತ್ರಕ್ಕೂ ಅದೇ ಹೆಚ್ಚು ಭಯಂಕರವಾಗಿ ಕಾಣ್ತಿತ್ತು ಅಂತ ನನ್ನ ಅಭಿಪ್ರಾಯ.

ಸಮಯ ಮಾತ್ರ ಚೆನ್ನಾಗಿ ಲೆಕ್ಕ ಹಾಕಿದ್ದಾರೆ. ಎರಡು ಬಾಗಿಲುಗಳ ನಡುವೆ 15 ಮೀಟರ್ ಅಂತ ಪುಟ 15ರಲ್ಲೇ ಹೇಳಿದೆ. ಜೋರಾಗಿ ಕಾಲೊದ್ದು ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿ ಹೊರಟರೆ 6 ಸೆಕೆಂಡ್. ಎಚ್ಚರ ಉಳಿಯುವುದು 10ರಿಂದ 15 ಸೆಕೆಂಡ್, ಯಾಕಂದರೆ ಶ್ವಾಸಕೋಶದಿಂದ ಹೊರಟ ಆಮ್ಲಜನಕವಿಲ್ಲದ ರಕ್ತ ಮಿದುಳು ತಲುಪಲು ಅಷ್ಟು ಹೊತ್ತು ಸಾಕು. 1966ರಲ್ಲಿ ಹ್ಯೂಸ್ಟನ್ನಿನ ನಿರ್ವಾತ ಕೋಣೆಯಲ್ಲಿ ಸೂಟ್ ಪರೀಕ್ಷಿಸುತ್ತಿದ್ದ ತಂತ್ರಜ್ಞರೊಬ್ಬರ ಕೊಳವೆ ಕಳಚಿಕೊಂಡಿತ್ತು. ಸುಮಾರು 14 ಸೆಕೆಂಡಿಗೆ ಪ್ರಜ್ಞೆ ತಪ್ಪಿತು. ನಾಲಿಗೆ ಮೇಲಿನ ಎಂಜಲು ಕುದಿಯುತ್ತಿದ್ದದ್ದು ಅವರಿಗಿದ್ದ ಕೊನೆಯ ನೆನಪು. ಬೇಗನೆ ಗಾಳಿ ತುಂಬಿದ್ದರಿಂದ ಬದುಕಿದರು. ಹಾಗಾಗಿ ಹುಡುಗಿ ತಾನೇ ಬಾಗಿಲು ಮುಚ್ಚಿ ಗಾಳಿ ಬಿಟ್ಟುಕೊಳ್ಳೋದು ತುಂಬಾ ಅಪಾಯದ ಲೆಕ್ಕ. ಪುಟ 19ರಲ್ಲಿ ಕ್ಯಾಪ್ಟನ್ ಒಳಗಿನಿಂದ ಸನ್ನೆಕೋಲು ಎಳೆಯೋದು ಅದಕ್ಕೇ. ಕಥೆಗಾರರಿಗೆ ಇದಕ್ಕೆ ಪೂರ್ತಿ ಅಂಕ.

ಹಿಮ: ಅರ್ಧ ಸರಿ. ನಿರ್ವಾತಕ್ಕೆ ಶಾಖ ಹೊತ್ತೊಯ್ಯಲು ಗಾಳಿಯಿಲ್ಲ, ಒಣ ಚರ್ಮ ಆರು ಸೆಕೆಂಡಿನಲ್ಲಿ ಹೆಪ್ಪುಗಟ್ಟಲ್ಲ. ಆದರೆ ತೇವ ಇರುವ ಕಡೆ ನೀರು ರಭಸವಾಗಿ ಆವಿಯಾಗಿ ತಣ್ಣಗಾಗುತ್ತೆ. ತುಟಿ, ಮೂಗಿನ ಹೊಳ್ಳೆ ಹತ್ತಿರ ಸ್ವಲ್ಪ ಬಿಳಿ ಬರೆದರೆ ಒಪ್ಪಬಹುದು. ಹುಬ್ಬು, ಕೂದಲಿನ ಮೇಲೆ ಬೇಡ. ಮುಖದ ಊತ ಬರೆದಿಲ್ಲ, ಅದು ಇರಬೇಕಿತ್ತು. 1960ರಲ್ಲಿ ಅಮೆರಿಕದ ವಾಯುಪಡೆಯ ಕಿಟಿಂಗರ್ ಬಲೂನಿನಲ್ಲಿ 31 ಕಿ.ಮೀ. ಮೇಲೆ ಹೋದಾಗ ಬಲಗೈ ಗವಸಿನ ಒತ್ತಡ ಹೋಗಿ ಕೈ ಊದಿಕೊಂಡಿತ್ತು, ಕೆಳಗಿಳಿದ ಮೇಲೆ ಸರಿಹೋಯಿತು.

ಪುಟ 14ರ ಇನ್ನೊಂದು ಎಡವಟ್ಟು: ಕ್ಯಾಪ್ಟನ್ ಸೂಟ್ ತೊಟ್ಟು ತಕ್ಷಣ ಹೊರಗೆ ಹೋಗ್ತಾರೆ. ನೌಕೆಯೊಳಗೆ 101 ಕಿಲೋಪಾಸ್ಕಲ್ ಅಂತ ಫಲಕ ತೋರಿಸುತ್ತೆ. ಅಮೆರಿಕದ ಸೂಟಿನೊಳಗೆ ಇರುವುದು ಶುದ್ಧ ಆಮ್ಲಜನಕ, ಸುಮಾರು 30 ಕಿಲೋಪಾಸ್ಕಲ್. ಅಷ್ಟು ಒಮ್ಮೆಗೇ ಇಳಿದರೆ ರಕ್ತದಲ್ಲಿ ಕರಗಿರುವ ಸಾರಜನಕ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳುತ್ತೆ. ಅದಕ್ಕೇ ಮುಂಚಿತವಾಗಿ ಗಂಟೆಗಟ್ಟಲೆ ಆಮ್ಲಜನಕ ಉಸಿರಾಡಿಸ್ತಾರೆ. ಫಲಕದ ಅಂಕಿಯನ್ನು 34 ಮಾಡಿ ಸಾಕು. ಅಮೆರಿಕದ ಹಳೆಯ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಓಡಿದ್ದೇ ಆ ಒತ್ತಡದಲ್ಲಿ, ಹೆಚ್ಚು ಪಾಲು ಆಮ್ಲಜನಕ ಬೆರೆಸಿ.

ಕಕ್ಷೆಗಣಿತ

ನೌಕೆ ಹಿಂದುಮುಂದಾಗಿರೋದು ಸರಿಯಾಗೇ ಇದೆ, ಅದನ್ನು ಪತ್ರದಲ್ಲಿ ಹಾಕಿ ನಗೆಪಾಟಲಾಗಬೇಡಿ. ಕಕ್ಷೆ ಸೇರಲು ವೇಗ ತಗ್ಗಿಸಬೇಕು, ತಗ್ಗಿಸಲು ಎಂಜಿನ್ನನ್ನು ಹೋಗುವ ದಿಕ್ಕಿಗೇ ತಿರುಗಿಸಬೇಕು. ತಪ್ಪಿರೋದು ಕಿತ್ತಳೆ ಜ್ವಾಲೆ. ರಾಕೆಟ್ ಜ್ವಾಲೆಯ ಕಿತ್ತಳೆ ಬರೋದು ಸೀಮೆಎಣ್ಣೆಯಂಥ ಇಂಧನದ ಉರಿಯುವ ಮಸಿಕಣಗಳಿಂದ. ಇದು ಪರಮಾಣು ಶಾಖದಿಂದ ಜಲಜನಕ ಕಾಯಿಸಿ ಊದುವ ಎಂಜಿನ್ ಅಂತ ಮೊದಲ ಸಂಚಿಕೆಯಲ್ಲೇ ಹೇಳಿದ್ದರು. ಅದರಲ್ಲಿ ಇಂಗಾಲವೇ ಇಲ್ಲ, ಜ್ವಾಲೆ ಕಣ್ಣಿಗೆ ಬೀಳೋದೇ ಕಷ್ಟ. ಮೇಲಾಗಿ ನಿರ್ವಾತದಲ್ಲಿ ಅದು ಕೊಡೆಯಂತೆ ಅಗಲವಾಗಿ ಹರಡಬೇಕು, ಚೂಪಾಗಿ ಅಲ್ಲ.

ಪುಟ 9ರ ಮಾತು ಸ್ಪಷ್ಟ ತಪ್ಪು. ಭೂಮಿ–ಮಂಗಳ ದೂರ ಹತ್ತಿರವೆಂದರೆ ಐದೂವರೆ ಕೋಟಿ ಕಿ.ಮೀ., ದೂರವೆಂದರೆ 40 ಕೋಟಿ. ಒಂದು ಕಡೆಗೆ ಮಾತು ಮುಟ್ಟಲು 3ರಿಂದ 22 ನಿಮಿಷ. ಅತ್ಯಂತ ಹತ್ತಿರವಿದ್ದರೂ ಪ್ರಶ್ನೆಗೆ ಉತ್ತರ ಬರಲು 6 ನಿಮಿಷ. ಒಂದೇ ಚೌಕದಲ್ಲಿ ಎರಡೂ ಕಡೆಯ ಮಾತಿನ ಗುಳ್ಳೆ ಇಡಬಾರದು. ಪ್ರಶ್ನೆ ಒಂದು ಪುಟದ ತುದಿಯಲ್ಲಿ, ಉತ್ತರ ಮುಂದಿನ ಪುಟದಲ್ಲಿ, ನಡುವೆ ಬೇರೆ ಕೆಲಸದ ಎರಡು ಚೌಕ. ಕಾಮಿಕ್ಸ್‌ಗೆ ಇದು ತೊಡಕಲ್ಲ, ವರ. ಇನ್ನೂ ಬಿಗಿ ಬೇಕಾದರೆ ಸೂರ್ಯ ಅಡ್ಡ ಬರುವ ಕಾಲ ಬಳಸಿಕೊಳ್ಳಲಿ: ಸುಮಾರು 26 ತಿಂಗಳಿಗೊಮ್ಮೆ, ಎರಡು ವಾರದಷ್ಟು ಮಂಗಳಕ್ಕೆ ಆದೇಶ ಕಳಿಸೋದನ್ನೇ ನಿಲ್ಲಿಸ್ತಾರೆ.

ಮಸಿಕುಡಿಕೆ

ಬೂದಿ ಆಕಾಶ ಯಾರ ತಪ್ಪು ಅಂತ ಪತ್ತೆ ಮಾಡೋದು ಸುಲಭ. ಡಿಜಿಟಲ್ ಪ್ರತಿ ತೆರೆದು ಯಾವುದಾದರೂ ಚಿತ್ರ ತಂತ್ರಾಂಶದ ಬಣ್ಣ ಹೆಕ್ಕುವ ಸಾಧನವನ್ನು ಆಕಾಶದ ಮೇಲಿಡಿ. ಕೆಂಪು 35, ಹಸಿರು 31, ನೀಲಿ 32 ಅಥವಾ ಅದರ ಆಸುಪಾಸು ಬಂದರೆ ಕಡತದಲ್ಲೇ ಬರೀ ಕಪ್ಪು ಮಸಿ ಶೇ 100 ಹಾಕಿದ್ದಾರೆ, ಮುದ್ರಣಾಲಯವನ್ನು ದೂರಿ ಫಲವಿಲ್ಲ. ಮೂರೂ ಸೊನ್ನೆ ಬಂದರೆ ಮಾತ್ರ ಕಾಗದ, ಮುದ್ರಣದ ಕಡೆ ನೋಡಬೇಕು.

ಒಂದೇ ಕಪ್ಪು ಮಸಿ ದೊಡ್ಡ ಜಾಗ ತುಂಬಿದರೆ, ಅದರಲ್ಲೂ ಮೆರುಗಿಲ್ಲದ ಕಾಗದದಲ್ಲಿ, ಬೂದಿಯಾಗೇ ಕಾಣುತ್ತೆ. ಸಯಾನ್ (ತಿಳಿನೀಲಿ) ಶೇ 40, ಮಜೆಂಟಾ (ಕಡುಗುಲಾಬಿ) 30, ಹಳದಿ 30, ಕಪ್ಪು 100 ಸೇರಿಸಿದರೆ ಆಳ ಬರುತ್ತೆ. ಒಟ್ಟು ಶೇ 200, ಒಣಗುವುದಕ್ಕೂ ತೊಂದರೆ ಕೊಡದ ಪ್ರಮಾಣ. ಆದರೆ ಇದಕ್ಕೊಂದು ಬೆಲೆ ಇದೆ. ಕಪ್ಪಿನೊಳಗೆ ಬಿಳಿ ಅಕ್ಷರ, ಸಣ್ಣ ನಕ್ಷತ್ರ ಇದ್ದರೆ ನಾಲ್ಕು ಬಣ್ಣದ ಅಚ್ಚಿನ ತಟ್ಟೆಗಳಲ್ಲಿ ಒಂದು ಕೂದಲೆಳೆ ಸರಿದರೂ ಬಣ್ಣದ ಅಂಚು ಮೂಡಿ ಅಕ್ಷರ ತುಂಬಿಹೋಗುತ್ತೆ. ಅಕ್ಷರದ ಸುತ್ತ ಮಾತ್ರ ಉಳಿದ ಮೂರು ಬಣ್ಣಗಳನ್ನು ಸ್ವಲ್ಪ ಹಿಂದೆ ಸರಿಸಿ ಬರೀ ಕಪ್ಪು ಬಿಡಬೇಕು. ಅಷ್ಟು ಕೆಲಸ ಮಾಡಲು ಪುರುಸೊತ್ತಿಲ್ಲದೆ ಎಲ್ಲ ಕಡೆ ಬರೀ ಕಪ್ಪು ಸುರಿದಿರಬಹುದು, ನನ್ನ ಊಹೆ.

ನಿಮ್ಮ ಮೆಚ್ಚಿನ 16–17ರ ಬಗ್ಗೆ ನನಗೊಂದು ಸಂಕಟ. ಹುಡುಗಿ ಸರಿಯಾಗಿ ಪುಟದ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದಾಳೆ. 24 ಪುಟದ ಪಿನ್ನು ಹೊಡೆದ ಪುಸ್ತಕದಲ್ಲಿ ಎರಡು ಪುಟ ಒಂದೇ ಹಾಳೆಯಾಗಿ ಸಿಗೋದು ನಡುವಿನ 12–13 ಮಾತ್ರ. ಉಳಿದೆಲ್ಲ ಜೋಡಿಗಳೂ ಬೇರೆ ಬೇರೆ ಹಾಳೆಗಳಲ್ಲಿ ಅಚ್ಚಾಗಿ ಮಡಿಕೆಯಲ್ಲಿ ಸೇರೋದು, ಒಂದು ಮಿ.ಮೀ. ಏರುಪೇರು ಸಹಜ. ನಾಲ್ಕು ಪುಟ ಮುಂಚೆ ತರಲಾಗದಿದ್ದರೆ ಅವಳನ್ನು ಎಡಪುಟಕ್ಕೆ ಎರಡು ಸೆಂ.ಮೀ. ಸರಿಸಿದ್ದರೂ ಸಾಕಿತ್ತು.

ಪುಟತಿರುವು

ಬಣ್ಣ ನೋಡಿದೆ, 35-31-32 ಬಂತು. ಮುದ್ರಣಾಲಯ ಬಚಾವ್.

ಪತ್ರದಲ್ಲಿ ಸುತ್ತಿನ ಅಂಕಿ, ಸ್ಪ್ಯಾನರ್, ಉಬ್ಬಿದ ಕೆನ್ನೆ, ಪುಟ 9ರ ಮಾತು, ಫಲಕದ ಒತ್ತಡ, ಕಪ್ಪು ಮಸಿ ಹಾಕ್ತೀನಿ. ಜ್ವಾಲೆಯ ಬಣ್ಣ ಬಿಟ್ಟುಬಿಡೋಣ. ಏನೂ ಕಾಣದ ಎಂಜಿನ್ ಬರೆದರೆ ಅದು ಆಫ್ ಆಗಿದೆ ಅಂತ ಅರ್ಧ ಜನ ಪತ್ರ ಬರೀತಾರೆ.

ಮೂರನೇಚೌಕ

ಪುಟ ಸಂಖ್ಯೆ ಜೊತೆ ಚೌಕದ ಸಂಖ್ಯೆಯನ್ನೂ ಕೊಡಿ, ಯಾವ ಪ್ರತಿ ನೋಡಿದ್ದು ಅಂತಲೂ ಹೇಳಿ. ಡಿಜಿಟಲ್‌ನಲ್ಲಿ ಮುಖಪುಟವನ್ನೂ ಎಣಿಸ್ತಾರೆ, ಅಲ್ಲಿ ಸ್ಪ್ಯಾನರ್ ಬೀಳೋದು ಪುಟ 11ರಲ್ಲಿ.